ಲಾ ಪಾಸ್‌ನಲ್ಲಿ ತೂಬು ಎತ್ತಿದವರು ಯಾರು?

ಚನ್ನಗಿರಿ ಬಸ್ ನಿಲ್ದಾಣದಲ್ಲಿ ಬೆಂಗಳೂರಿನ ಬಸ್ಸಿಗೆ ಕಾಯುತ್ತ ಕುಳಿತಿದ್ದಾಗ ಅಣ್ಣ ಬಸಣ್ಣ ಮತ್ತೆ ಅದೇ ಮಾತು ತೆಗೆದ.

"ಅಲ್ಲ ಗಿರಿಜಾ, ದೋಣಿ ಕಟ್ಟಾಕೆ ಜಾಗ ನೋಡೋಕೆ ಅಂತ ಯಾರಾದ್ರೂ ಮೆಕ್ಸಿಕೋಕ್ಕೆ ಹೋಗ್ತಾರೇನು? ನಮ್ ಸೂಳೆಕೆರೆ ಇಷ್ಟು ದೊಡ್ಡದೈತಲ್ಲ, ಇಲ್ಲೇ ತಂದು ಕಟ್ಟಾಕೆ ಹೇಳು."

ಪಕ್ಕದ ಬೆಂಚಿನಲ್ಲಿ ಚೀಲ ಅಪ್ಪಿಕೊಂಡು ಕುಳಿತಿದ್ದವರು ನಕ್ಕರು. ನಾನೂ ನಕ್ಕೆ. ಆದರೆ ನನ್ನನ್ನು ಕರೆಸಿಕೊಂಡದ್ದು ಜಾಗ ನೋಡಲಿಕ್ಕಲ್ಲ, ಬೇಡ ಎನ್ನಲಿಕ್ಕೆ.

ಕರೆದವಳು ನಸೀಮಾ. ಹೊನ್ನಾಳಿಯ ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ಅವಳು ನ್ಯಾಮತಿ ಪಕ್ಕದ ಹಳ್ಳಿಯವಳು, ಆಮೇಲೆ ನರ್ಸ್ ಆಗಿ ಮಸ್ಕತ್‌ಗೆ ಹೋದಳು. ಅಲ್ಲಿನ ಬಂದರಿನಲ್ಲಿ ಎಂಜಿನಿಯರ್ ಆಗಿದ್ದ ಮೆಕ್ಸಿಕೋದ ರಾಮೋನ್ ಅವರನ್ನು ಮದುವೆಯಾದಳು. ಇಬ್ಬರೂ ನಿವೃತ್ತರಾದ ಮೇಲೆ ಅವರ ದೇಶಕ್ಕೆ ಹೋಗಿ ಒಂದು ಹಾಯಿದೋಣಿ ಕೊಂಡು ಅದರಲ್ಲೇ ಇದ್ದರು. ಹೋದ ವರ್ಷ ರಾಮೋನ್‌ಗೆ ಲಕ್ವ ಹೊಡೆದು ಎಡಗಾಲು ಸೋತಿತು. ಇನ್ನು ನಡುನೀರಿನಲ್ಲಿ ಲಂಗರು ಹಾಕಿಕೊಂಡು ಇರುವಂತಿಲ್ಲ. ದಡಕ್ಕೆ ಹೊಂದಿಕೊಂಡ ಮರೀನಾ, ಅಂದರೆ ದೋಣಿಗಳ ನಿಲ್ದಾಣ, ಹುಡುಕಿ ಬಹುಕಾಲ ಅಲ್ಲೇ ಇರಬೇಕು. ನಸೀಮಾ ಒಂದೇ ಷರತ್ತು ಹಾಕಿದ್ದಳು: ದೋಣಿಯಿಂದ ರಸ್ತೆಯವರೆಗೆ ಅವರು ಯಾರ ಕೈಯನ್ನೂ ಹಿಡಿಯದೆ ನಡೆದು ಬರಬೇಕು. ಅಂಥ ಜಾಗ ಸಿಗದಿದ್ದರೆ ದೋಣಿ ಮಾರುವುದು.

"ಅವ್ರ ಮುಖ ನೋಡ್ಕೊಂಡು ಬ್ಯಾಡ ಅನ್ನಾಕೆ ನನಗೊಬ್ಳಿಗೆ ಆಗಲ್ಲ ಕಣೇ. ನೀನು ಮೇಷ್ಟ್ರು. ಬ್ಯಾಡ ಅಂದು ರೂಢಿ ಐತೆ. ಬಾ" ಎಂದಿದ್ದಳು ಫೋನಿನಲ್ಲಿ.

ಎರಡು ವಿಮಾನ ಬದಲಿಸಿ, ಮೆಕ್ಸಿಕೋ ನಗರದಲ್ಲಿ ಮೂರನೆಯದನ್ನು ಹಿಡಿದು ಮಸಾತ್ಲಾನ್ ಎಂಬ ಕಡಲೂರಿನಲ್ಲಿ ಇಳಿದೆ. ಮೇ ತಿಂಗಳು. ಸೆಕೆ ನಮ್ಮ ಜಗಳೂರಿನಷ್ಟೇ ಇತ್ತು, ಆದರೆ ಇಲ್ಲಿನದು ಒದ್ದೆ ಸೆಕೆ. ಸೀರೆ ಬೆನ್ನಿಗೆ ಅಂಟಿಕೊಂಡಿತು. ನಸೀಮಾ ನನ್ನನ್ನು ನೇರ ಮೀನುಗಾರರ ಕಟ್ಟೆಗೆ ಕರೆದೊಯ್ದಳು. ಅಲ್ಲಿ ಬಿಳಿ ದೋಣಿಯೊಂದರ ಹಿಂಬದಿಯಲ್ಲಿ ಕನ್ನಡದಲ್ಲಿ 'ನ್ಯಾಮತಿ' ಎಂದು ಬರೆದಿತ್ತು. ಯ-ಒತ್ತು ಸ್ವಲ್ಪ ಸೊಟ್ಟಗಿತ್ತು.

"ಇವ್ರೇ ಬರೆದಿದ್ದು" ಎಂದಳು ನಸೀಮಾ. "ನಮ್ ನ್ಯಾಮತಿ ತಾಲ್ಲೂಕು ಆಯ್ತು ಅಂತ ಹೇಳ್ದೆ. ಹಂಗಾರೆ ದೋಣಿನೂ ಆಗ್ಲಿ ಅಂದ್ರು."

ರಾಮೋನ್ ಕೋಲೂರಿಕೊಂಡು ನಿಂತಿದ್ದರು. ಅವರಿಗೆ ಬರುವ ಕನ್ನಡ ಬಲು ಸ್ವಲ್ಪ. 'ಬಾ', 'ಸಾಕು', 'ಐತೆ', ಮತ್ತೆ ನಸೀಮಾ ಬೈಯುವಾಗ ಬಳಸುವ ಒಂದೆರಡು ಪದಗಳು. ಮಿಕ್ಕದ್ದೆಲ್ಲ ಇಂಗ್ಲಿಷಿನಲ್ಲಿ. "ಬಾ" ಎಂದು ಕೈಕುಲುಕಿದರು.

ಮಾರನೆಯ ದಿನ ಊರಿನ ದೊಡ್ಡ ಮರೀನಾ ನೋಡಿದೆವು. ಬಾಡಿಗೆ ದೋಣಿಯ ಉದ್ದದ ಮೇಲೆ, ಅಡಿಗೆ ಇಷ್ಟು ಎಂದು. ನಮ್ಮಲ್ಲಿ ಸೈಟು ಮಾರುವವರ ಮಾತು ಕೇಳಿದಂತಿತ್ತು. ಹೋಟೆಲುಗಳ ನಡುವೆ ಶುಭ್ರವಾದ ಜಾಗ, ಈಜುಕೊಳವೂ ಇತ್ತು. ಆದರೆ ಖಾಲಿ ಇದ್ದ ಕಟ್ಟೆ ತೀರ ಒಳಗೆ. ಅಲ್ಲಿಂದ ರಸ್ತೆಗೆ ಹೊರಟ ರಾಮೋನ್ ಅರ್ಧ ದಾರಿಗೇ ಒಂದು ಹೂಕುಂಡದ ಅಂಚಿನ ಮೇಲೆ ಕುಳಿತುಬಿಟ್ಟರು. ನಸೀಮಾ ನನ್ನ ಕಡೆ ನೋಡಿದಳು. "ಬೇಡ" ಎಂದೆ. ಮೊದಲನೆಯದು ಸುಲಭವಾಗಿತ್ತು.

ಆ ಮಧ್ಯಾಹ್ನ ತಿಂದದ್ದು ಮೀನು ಸುತ್ತಿದ ಜೋಳದ ರೊಟ್ಟಿ. ಜೋಳವೆಂದರೆ ನಮ್ಮ ಬಿಳಿಜೋಳವಲ್ಲ, ಮೆಕ್ಕೆಜೋಳ. ಜಗಳೂರು ತಾಲ್ಲೂಕಿನ ಸೊಕ್ಕೆಯಲ್ಲಿರುವ ನನ್ನ ನಾದಿನಿಗೆ ಫೋನಿನಲ್ಲಿ ಅದನ್ನು ಹೇಳಿದರೆ ಅವಳು ನಂಬಲಿಲ್ಲ. "ನಾವು ಬೆಳೆದು ಕೋಳಿ ಫಾರಂಗೆ ಕಳಸ್ತೀವಲ್ರೀ ಅತ್ತಿಗೆ, ಅದನ್ನ ನೆಂಟ್ರಿಗೆ ಬಡಸ್ತಾರಾ?" ಎಂದಳು.

ಮುಂದೆ ನೋಡಬೇಕಿದ್ದದ್ದು ಲಾ ಪಾಸ್, ಕೊಲ್ಲಿಯ ಆಚೆ ದಡದ ಊರು. ಸಂಜೆ ಹೊರಟ ದೊಡ್ಡ ಹಡಗು ಬೆಳಿಗ್ಗೆ ಮುಟ್ಟಿಸಿತು. ಲಾರಿಗಳೂ ಅವುಗಳ ಚಾಲಕರೂ ನಾವೂ ಒಟ್ಟಿಗೆ. ಬಂದರಿನಿಂದ ಊರಿಗೆ ಟ್ಯಾಕ್ಸಿ. ಒಂದು ಕಡೆ ಕಳ್ಳಿ ತುಂಬಿದ ಒಣ ಗುಡ್ಡ, ಇನ್ನೊಂದು ಕಡೆ ನೀಲಿ ನೀರು. ಎರಡೂ ಇಷ್ಟು ಹತ್ತಿರ ಇರುವುದನ್ನು ನಾನು ಕಂಡಿರಲಿಲ್ಲ.

ಎಲ್ಲದಕ್ಕೂ ಆತುರಪಡುವ ರಾಮೋನ್ ಆ ಬೆಳಿಗ್ಗೆ ಎರಡನೆಯ ಕಾಫಿ ತರಿಸಿ ನಿಧಾನವಾಗಿ ಕುಡಿದರು. "ಹತ್ತು ಗಂಟೆಗೆ ಹೋಗೋಣ" ಎಂದರು. ವಯಸ್ಸಾದವರ ದಣಿವು ಎಂದುಕೊಂಡೆ.

ಮರೀನಾ ಚಿಕ್ಕದು. ದಡದಿಂದ ನೀರಿನ ಮೇಲೆ ತೇಲುವ ಕಟ್ಟೆಗೆ ಒಂದು ಕಬ್ಬಿಣದ ಕಿರುಸೇತುವೆ. ಅದು ಮನೆಯ ಜಗಲಿಯಷ್ಟು ಸಮತಟ್ಟಾಗಿತ್ತು. ಸೇತುವೆಯ ಎರಡು ತುದಿಗೂ ಒಂದೊಂದು ಬೆಂಚು. ನಸೀಮಾ ಮುಂದೆ ಹೋಗಿ ಕಟ್ಟೆಯಿಂದ ಫೋಟೋ ತೆಗೆಯುತ್ತಿದ್ದಳು. ಮರೀನಾ ನೋಡಿಕೊಳ್ಳುವ ಲೂಸಿಯಾ ಸೇತುವೆ ತೋರಿಸುತ್ತ ಸ್ಪ್ಯಾನಿಷ್‌ನಲ್ಲಿ ಉದ್ದಕ್ಕೆ ಏನೋ ಹೇಳಿದಳು. ಏನೆಂದು ಕೇಳಿದೆ. "ಸೇತುವೆ ಗಟ್ಟಿಯಾಗಿದೆ ಅನ್ನುತ್ತಾಳೆ" ಎಂದರು ರಾಮೋನ್.

ಆಮೇಲೆ ಅವರು ನಡೆದರು. ಕೋಲಿನ ಸದ್ದು ಕಬ್ಬಿಣದ ಮೇಲೆ ಟಕ್ ಟಕ್ ಎನ್ನುತ್ತಿತ್ತು. ಕಟ್ಟೆಯ ತುದಿಗೆ ಹೋಗಿ, ತಿರುಗಿ, ಯಾರ ಕೈಯನ್ನೂ ಹಿಡಿಯದೆ ರಸ್ತೆಗೆ ಬಂದು ನಿಂತು, "ಐತೆ!" ಎಂದು ಕೂಗಿದರು. ನಸೀಮಾ ದುಪಟ್ಟದಿಂದ ಕಣ್ಣು ಒರೆಸಿಕೊಂಡಳು. ಬೇಡ ಎನ್ನಲು ಬಂದ ನಾನೇ "ಇದೇ ಆಗಲಿ" ಎಂದೆ. ಮಾರನೆಯ ದಿನ ಸಹಿ ಹಾಕುವುದೆಂದು ಆಯಿತು.

ಕಟ್ಟೆಯ ಕಡೆಯ ಬೆಂಚಿನ ಮೇಲೆ ಕೊಡೆ ಮರೆತು ಬಂದಿದ್ದೆ. ಹೋಟೆಲು ಹತ್ತಿರವೇ ಇತ್ತು. ಸಂಜೆ ಐದರ ಸುಮಾರಿಗೆ ಒಬ್ಬಳೇ ಹೋದೆ. ಇಲ್ಲಿಂದ ಮುಂದಿನದನ್ನು ನಿಧಾನವಾಗಿ ಬರೆಯುತ್ತೇನೆ, ಕಂಡಷ್ಟನ್ನೇ ಬರೆಯುತ್ತೇನೆ. ಗೇಟಿನ ಒಳಗೆ ಕಾಲಿಟ್ಟಾಗ ನಾನು ನೋಡುತ್ತಿದ್ದದ್ದು ಸೇತುವೆಯನ್ನಲ್ಲ, ಸೂರ್ಯನನ್ನು. ಬೆಳಗಿನ ಅಂದಾಜಿನಲ್ಲೇ ಹೆಜ್ಜೆ ಇಟ್ಟೆ. ಪಾದದ ಕೆಳಗೆ ಸಮತಟ್ಟು ಇರಲಿಲ್ಲ. ಚಪ್ಪಲಿ ಜಾರಿತು. ಬಲಗೈಗೆ ಕಂಬಿ ಸಿಕ್ಕಿತು, ಎಡಗೈ ಕಬ್ಬಿಣಕ್ಕೆ ಉಜ್ಜಿತು. ಕುಳಿತಲ್ಲಿಂದ ಕೆಳಗೆ ನೋಡಿದರೆ ಸೇತುವೆ ಅಟ್ಟದ ಏಣಿಯಂತೆ ಇಳಿದಿತ್ತು. ಕಟ್ಟೆ, ದೋಣಿಗಳು, ನನ್ನ ಕೊಡೆ, ಎಲ್ಲವೂ ಆಳದಲ್ಲಿದ್ದವು. ಕಂಬಗಳ ಮೇಲೆ ನೀರು ಬಿಟ್ಟುಹೋದ ಒದ್ದೆ ಗೆರೆ ನನ್ನ ಪಾದದ ಮಟ್ಟಕ್ಕಿತ್ತು.

ಆಗ ನನ್ನ ಬಾಯಿಂದ ಬಂದ ಮಾತು ಇದು: "ಯಾರು ತೂಬು ಎತ್ತಿದ್ದು?"

ನನ್ನ ತವರು ಸೂಳೆಕೆರೆ ದಂಡೆಯ ಹಳ್ಳಿ. ಬೆಳಿಗ್ಗೆ ಎದ್ದವರು ಏರಿಯ ಕಲ್ಲಿನ ಮೇಲಿನ ಒದ್ದೆ ಗೆರೆ ನೋಡುತ್ತಾರೆ. ನೀರು ಗೆರೆಯಿಂದ ಕೆಳಗೆ ಇಳಿದಿದ್ದರೆ ಯಾರೋ ತೂಬು ಎತ್ತಿ ಗದ್ದೆಗೆ ಬಿಟ್ಟಿದ್ದಾರೆ ಎಂದೇ ಅರ್ಥ. ಜಗಳ ಅಲ್ಲಿಂದ ಶುರು. ಬೆಳಿಗ್ಗೆ ಇದ್ದ ನೀರು ಸಂಜೆಗೆ ತಾನಾಗಿ ಇಲ್ಲವಾಗುವುದು ಕೆರೆಯವರ ಲೆಕ್ಕದಲ್ಲಿಲ್ಲ. ಉಬ್ಬರ ಇಳಿತವನ್ನು ಭೂಗೋಳದ ಪಾಠದಲ್ಲಿ ವರ್ಷವರ್ಷವೂ ಹೇಳಿಕೊಟ್ಟವಳು ನಾನು. ಕಾಲಿಗೆ ಆ ಪಾಠ ಗೊತ್ತಿರಲಿಲ್ಲ.

ಲೂಸಿಯಾ ಓಡಿ ಬಂದಳು. ನೀರನ್ನು ಯಾರು ಬಿಟ್ಟರು ಎಂದು ಇಂಗ್ಲಿಷಿನಲ್ಲಿ ಕೇಳಿದೆ. "ಲೂನಾ" ಎಂದಳು. ನಮ್ಮೂರಿನಲ್ಲಿ ಲೂನಾ ಎಂದರೆ ಪೆಡಲು ತುಳಿದು ಚಾಲೂ ಮಾಡುವ ಗಾಡಿ. ಅವಳು ಖಾಲಿ ಆಕಾಶದತ್ತ ಬೆರಳು ತೋರಿಸಿದ ಮೇಲೆ ಚಂದ್ರ ಎಂದು ತಿಳಿಯಿತು. ಬೆಳಿಗ್ಗೆ ರಾಮೋನ್‌ಗೆ ಹೇಳಿದ್ದೂ ಇದನ್ನೇ ಅಂತೆ: ಇಳಿತದ ಹೊತ್ತಿಗೆ ಸೇತುವೆ ಕಡಿದಾಗುತ್ತದೆ, ಜೋಪಾನ.

ಹೋಟೆಲಿಗೆ ಬಂದೆ. ಹೇಳಿದರೆ ದೋಣಿ ಹೋಗುತ್ತದೆ, ಹೇಳದಿದ್ದರೆ ರಾಮೋನ್ ಬೀಳುತ್ತಾರೆ. ಯೋಚಿಸಲು ನಸೀಮಾ ಬಿಡಲಿಲ್ಲ. ನಮಾಜು ಮುಗಿಸಿ ಎದ್ದವಳು ಮೊದಲು ನೋಡಿದ್ದೇ ನನ್ನ ಅಂಗೈ. ಔಷಧಿ ಹಚ್ಚುತ್ತ ಕೇಳಿದಳು. ಹೇಳಿದೆ.

ಅವಳು ವರಾಂಡಕ್ಕೆ ಹೋಗಿ ಗಂಡನ ಮುಂದೆ ನಿಂತಳು. "ಕಳ್ಳ! ಹತ್ತು ಗಂಟೆ ಆಗ್ಲಿ ಅಂತ ಕಾಫಿ ಮೇಲೆ ಕಾಫಿ ಕುಡದ್ರಲ್ಲ, ಇದಕ್ಕೇನು?" ಅದನ್ನೇ ಇಂಗ್ಲಿಷಿನಲ್ಲಿ ಇನ್ನೂ ಕಟುವಾಗಿ ಹೇಳಿದಳು.

ರಾಮೋನ್ ಅಲ್ಲಗಳೆಯಲಿಲ್ಲ. "ದಿನಕ್ಕೆ ಎರಡು ಸಲ ಅದು ಸಮತಟ್ಟಾಗುತ್ತದೆ" ಎಂದರು. "ಉಳಿದ ಹೊತ್ತು ನಾನು ದೋಣಿಯಲ್ಲೇ ಇರುತ್ತೇನೆ. ದೋಣಿ ಮಾರಿದರೆ ಸಿಗುವ ಮಹಡಿ ಮೇಲಿನ ಮನೆಗಿಂತ ಅದು ದೊಡ್ಡದು."

"ಸಾಕು" ಎಂದಳು ನಸೀಮಾ. ಆ ಪದ ಅವರಿಗೆ ಅರ್ಥವಾಗುತ್ತಿತ್ತು.

ಬೆಳಿಗ್ಗೆ ಆರಕ್ಕೆ ಅವಳೇ ನಮ್ಮನ್ನು ಎಬ್ಬಿಸಿ ಮರೀನಾಕ್ಕೆ ಕರೆದೊಯ್ದಳು. ನೀರು ಇನ್ನೂ ಕೆಳಗಿತ್ತು. "ಇಳೀರಿ ನೋಡನ" ಎಂದಳು. ರಾಮೋನ್ ಕೋಲನ್ನು ಕಬ್ಬಿಣದ ಮೇಲಿಟ್ಟರು, ಕಂಬಿ ಹಿಡಿದರು, ಹಾಗೇ ನಿಂತರು. ಹೆಜ್ಜೆ ಎತ್ತಲಿಲ್ಲ. ಹಿಂದೆ ಸರಿದು ಬೆಂಚಿನ ಮೇಲೆ ಕುಳಿತು ನೆಲ ನೋಡತೊಡಗಿದರು. ಬೇಡ ಎನ್ನುವ ಹೊತ್ತು ಅದೇ. ನಸೀಮಾ ನನ್ನ ಕಡೆ ನೋಡಲಿಲ್ಲ, ನಾನೂ ಅನ್ನಲಿಲ್ಲ.

ಆಗ ಕೈಗಾಡಿ ತಳ್ಳಿಕೊಂಡು ಒಬ್ಬ ಮುದುಕ ಬಂದ. ಗಾಡಿಯಲ್ಲಿ ತರಕಾರಿ, ಐಸ್ ಡಬ್ಬಿ. ಸೇತುವೆ ನೋಡಿದ, ಗಾಡಿ ನಿಲ್ಲಿಸಿದ, ರಾಮೋನ್ ಪಕ್ಕದಲ್ಲಿ ಕುಳಿತ. ಆಮೇಲೆ ಬಟ್ಟೆಗಂಟಿನೊಂದಿಗೆ ಒಬ್ಬ ಹೆಂಗಸು. ಅವಳೂ ಕುಳಿತಳು. ಯಾರಿಗೂ ಆತುರವಿಲ್ಲ. ಕೆಳಗಿನ ಬೆಂಚಿನಲ್ಲೂ ಇಬ್ಬರು ಮೇಲೆ ಬರಲು ಕಾಯುತ್ತಿದ್ದರು. ಬೆಂಚುಗಳು ಅಲ್ಲಿ ಯಾಕಿವೆ ಎಂದು ಆಗ ತಿಳಿಯಿತು. ಮುದುಕ ಒಂದು ಕಿತ್ತಳೆ ಸುಲಿದು ಎಲ್ಲರಿಗೂ ತೊಳೆ ಹಂಚಿದ. ಸೇತುವೆ ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಏರುತ್ತಿತ್ತು.

ನಸೀಮಾ ಇದ್ದಕ್ಕಿದ್ದಂತೆ ನಕ್ಕಳು.

"ಗಿರಿಜಾ, ನಮ್ಮೂರಿಗೆ ಬಸ್ ಎಷ್ಟಿದ್ವು?"

"ದಿನಕ್ಕೆ ಎರಡು."

"ಹೊನ್ನಾಳಿಗೆ ಕಾಲೇಜಿಗೆ ಹೆಂಗೆ ಬರ್ತಿದ್ದೆ ನಾನು? ಬಸ್ ಬಂದಾಗ ಬರ್ತಿದ್ದೆ. ಬರದಿದ್ರೆ ಕುಂತಿರ್ತಿದ್ದೆ. ಎರಡೇ ಬಸ್ ಐತೆ ಅಂತ ಯಾರಾದ್ರೂ ಮನೆ ಮಾರಿದ್ರಾ?"

"ಈ ಬಸ್ಸು ದಿನಾ ಮುಕ್ಕಾಲು ಗಂಟೆ ಲೇಟಲ್ಲೇ" ಎಂದೆ. ಉಬ್ಬರ ದಿನದಿಂದ ದಿನಕ್ಕೆ ಅಷ್ಟು ತಡವಾಗಿ ಬರುತ್ತದೆ.

"ನಮ್ದೇನು ಟೈಮಿಗೆ ಬರ್ತಿತ್ತಾ?"

ಆದರೂ ಅವಳು ನರ್ಸು. ಇಳಿತದ ಹೊತ್ತಿನಲ್ಲಿ ಮೈಗೆ ಹೆಚ್ಚುಕಡಿಮೆಯಾದರೆ ಏನು ಗತಿ ಎಂದು ಲೂಸಿಯಾಳನ್ನು ಕೇಳಿದಳು. ಲೂಸಿಯಾ ಒಂದು ಪುಟ್ಟ ಮೋಟಾರು ದೋಣಿ ತೋರಿಸಿದಳು. ಅದರಲ್ಲಿ ಪಕ್ಕದ ಮರಳದಂಡೆಗೆ ಒಯ್ದರೆ ಆಂಬುಲೆನ್ಸ್ ಅಲ್ಲಿಯವರೆಗೆ ಬರುತ್ತದೆ. ಬಾಯಿಮಾತಿಗೆ ನಸೀಮಾ ಒಪ್ಪಲಿಲ್ಲ. ಆ ಕಡಿದಾದ ಸೇತುವೆಯನ್ನು ತಾನೇ ಇಳಿದು, ಮೋಟಾರು ದೋಣಿಯಲ್ಲಿ ಕಾಲು ಚಾಚಿ ಮಲಗಿ, ದಂಡೆಗೆ ಹೋಗಿ ಬಂದಳು. ಬೆನ್ನೆಲ್ಲ ಒದ್ದೆಯಾಗಿತ್ತು. "ಆಗ್ತೈತೆ" ಎಂದಳು.

ಸೇತುವೆ ಸಮಕ್ಕೆ ಬಂದಾಗ ಮುದುಕ ಮೊದಲು ಎದ್ದ. ನಸೀಮಾ ಗಂಡನ ಭುಜ ತಟ್ಟಿದಳು. "ಏಳ್ರಿ, ಬಸ್ ಬಂತು." ರಾಮೋನ್ ಆ ಎರಡು ಪದಗಳನ್ನು ಹೇಳಿಸಿಕೊಂಡು, ಅರ್ಥ ಕೇಳಿಕೊಂಡು, ಸೇತುವೆಯುದ್ದಕ್ಕೂ "ಬಸ್ ಬಂತು, ಬಸ್ ಬಂತು" ಎಂದು ಬಾಯಿಪಾಠ ಮಾಡುತ್ತ ಕಟ್ಟೆಗೆ ಹೋದರು.

ಕೆಲವು ದಿನಗಳಲ್ಲಿ ಅವರ ಗೆಳೆಯರೊಬ್ಬರು 'ನ್ಯಾಮತಿ'ಯನ್ನು ಮಸಾತ್ಲಾನ್‌ನಿಂದ ತಂದು ಕಟ್ಟಿದರು. ನಾನೂ ಅದರಲ್ಲಿ ಒಂದು ವಾರ ಮಲಗಿದೆ. ಸಂಜೆ ಕಡಲ ಕಡೆಯಿಂದ ತಂಗಾಳಿ ಬೀಸಿದಾಗ ಹಗ್ಗಗಳು ಕಿರ್ ಎನ್ನುತ್ತಿದ್ದವು. ಬಸಣ್ಣನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಅವನಿಗೆ ಒಂದೇ ಸಂಶಯ ಉಳಿಯಿತು: "ಅದೆಲ್ಲ ಸರಿ, ಅಷ್ಟು ನೀರು ಯಾರ ಗದ್ದೆಗೆ ಹೋಗ್ತೈತೆ?"

ನಾನು ಹೊರಟದ್ದು ಮಧ್ಯಾಹ್ನ. ವಿಮಾನದ ಹೊತ್ತು ಚಂದ್ರನ ಹೊತ್ತಿಗೆ ಕೂಡಿಬರಲಿಲ್ಲ. ನೀರು ತೀರ ಇಳಿದಿತ್ತು. ನಸೀಮಾ ಮೇಲೆ ಗೇಟಿನವರೆಗೆ ಬಂದಳು. ಟ್ಯಾಕ್ಸಿಯವನು ಹಾರ್ನ್ ಒತ್ತಿದ. ತಿರುಗಿ ನೋಡಿದೆ. ಏಣಿಯಂಥ ಸೇತುವೆಯ ಬುಡದಲ್ಲಿ, ಕೆಳಗಿನ ಬೆಂಚಿನ ಮೇಲೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ರಾಮೋನ್ ಕುಳಿತಿದ್ದರು. ನನ್ನನ್ನು ಕಳಿಸಲು ಟ್ಯಾಕ್ಸಿಯವರೆಗೆ ಬರಬೇಕೆಂದು ಸಿದ್ಧರಾಗಿದ್ದರು. ಕೋಲು ಮೇಲೆತ್ತಿ, ಆ ವಾರ ಕಲಿತ ಕನ್ನಡವನ್ನೆಲ್ಲ ಕೂಡಿಸಿ ಕೂಗಿದರು:

"ಬಸ್ ಇಲ್ಲ! ಬಸ್ ಇಲ್ಲ, ಗಿರಿಜಾ!"