ಇಪ್ಪತ್ತೆರಡನೇ ಪುಟ

ಪಟ್ಟಿ ಮುಗಿದಿತ್ತು. ಕನ್ನಡದ ಇತ್ತೀಚಿನ ಗಮನಾರ್ಹ ಕವನ ಸಂಕಲನಗಳು, ಒಟ್ಟು ಹತ್ತು. ಪತ್ರಿಕೆಯ ಭಾನುವಾರದ ಪುರವಣಿಗೆ ಮೇಲ್ ಮಾಡುವುದಷ್ಟೇ ಬಾಕಿ. (ಹತ್ತನ್ನೂ ಪೂರ್ತಿ ಓದಿದ್ದೀರಾ ಎಂದು ಕೇಳಬೇಡಿ. ಎರಡರ ಮುನ್ನುಡಿ ಮಾತ್ರ ಓದಿದ್ದೆ.) ಅಷ್ಟರಲ್ಲಿ ಹೊಸಪೇಟೆಯ ನಮ್ಮ ಮನೆಯ ಬೆಲ್ ಆಯಿತು.

ಬಾಗಿಲಲ್ಲಿ ಅರವತ್ತೈದರ ಆಸುಪಾಸಿನವರೊಬ್ಬರು. ಬಿಳಿ ಶರ್ಟು, ಹಣೆಗೆ ವಿಭೂತಿ, ಕೈಯಲ್ಲೊಂದು ತೆಳು ಪುಸ್ತಕ. ಹೆಸರು ವೀರಭದ್ರಪ್ಪ, ಕಂಪ್ಲಿಯಲ್ಲಿ ರೈಸ್ ಮಿಲ್. ಹೆಂಡತಿ ಗೌರಮ್ಮ ತೀರಿಕೊಂಡು ಒಂದು ವರ್ಷ. ಅಡುಗೆಮನೆಯ ಡಬ್ಬಿಗಳ ಹಿಂದೆ ಆಕೆಯ ನೋಟ್‌ಬುಕ್ ಸಿಕ್ಕಿತಂತೆ. ತುಂಬ ಕವಿತೆ. ಅದನ್ನೇ ಪುಸ್ತಕ ಮಾಡಿಸಿದ್ದಾರೆ.

ಅರ್ಥವಾಯಿತು. ಇನ್ನೊಂದು ಶಿಫಾರಸು!

“ಪಟ್ಟಿ ಆಗ್ಲೇ ಕಳಿಸಿಬಿಟ್ಟೀನ್ರಿ” ಎಂದು ಸುಳ್ಳು ಹೇಳಿದೆ.

“ಪಟ್ಟಿಗೆ ಬ್ಯಾಡ್ರಿ ಸರ. ನೀವು ಕವಿತಿ ಬಗ್ಗೆ ಬರೀತೀರಿ ಅಂತ ಬಂದೀನಿ. ಇಪ್ಪತ್ತೆರಡನೇ ಪುಟ ಒಂದ್ ಓದ್ರಿ. ಚಲೋ ಐತೋ ಇಲ್ಲೋ ಹೇಳ್ರಿ, ಸಾಕು.”

ಓದಿದೆ. ಊಟಕ್ಕೆ ಕೂತ ಗಂಡನ ಮೇಲಿನ ಕವಿತೆ. ಅನ್ನ ಮುದ್ದೆಯಾದರೆ ಕೇಳುತ್ತಾನೆ, ಸಾರಿಗೆ ಉಪ್ಪು ಕಮ್ಮಿಯಾದರೆ ಕೇಳುತ್ತಾನೆ. ನೀನು ಉಂಡೆಯಾ ಎಂದು ಮಾತ್ರ ಒಂದು ದಿನವೂ ಕೇಳಿದವನಲ್ಲ. ಹನ್ನೊಂದೇ ಸಾಲು. ಅಳು ಇಲ್ಲ, ಬೈಗುಳವೂ ಇಲ್ಲ.

“ಭಾಳ ಚಲೋ ಐತ್ರಿ” ಎಂದೆ. ಅವರು ತಲೆ ತಗ್ಗಿಸಿದರು.

“ಪ್ರೆಸ್ಸಿನವ್ರು ಇದೊಂದು ತೆಗೆದುಬಿಡ್ರಿ ಯಜಮಾನ್ರ, ಮಂದಿ ಓದ್ತಾರ ಅಂದ್ರು. ಬರದಾಕಿ ಆಕಿ. ತೆಗೆಯಾಕ ನಾ ಯಾರ್ರಿ?”

“ನೀವು ಒಮ್ಮೆನೂ ಕೇಳಿರಲಿಲ್ಲೇನ್ರಿ?” ಬಾಯಿ ತಪ್ಪಿ ಕೇಳಿಬಿಟ್ಟೆ.

“ಖರೇನ ಇಲ್ರಿ. ಉಂಡಿರ್ತಾಳ ಅಂದ್ಕೊಂಡಿದ್ದೆ.”

ಚಹಾ ಕುಡಿದು, ಪುಸ್ತಕ ನನ್ನ ಟೇಬಲ್ಲಿನ ಮೇಲೆ ಬಿಟ್ಟು ಬಸ್ಸಿಗೆ ಹೊರಟರು. ನಾನು ಅದನ್ನು ಪೂರ್ತಿ ಓದಿದೆ. ಸಪ್ಪೆ ಪದ್ಯಗಳಿವೆ, ಪ್ರಾಸಕ್ಕಾಗಿ ಒದ್ದಾಡಿದ್ದೂ ಇದೆ. ಆದರೂ ಗೆಳೆಯನೊಬ್ಬನ ಸಂಕಲನ ತೆಗೆದು (ಅವನೀಗ ನನ್ನ ಜೊತೆ ಮಾತಾಡುತ್ತಿಲ್ಲ) ಗೌರಮ್ಮನವರದನ್ನು ಸೇರಿಸಿ ಕಳಿಸಿದೆ.

ಸಂಪಾದಕರ ಫೋನ್ ಬಂತು. “ಯಾರ್ರೀ ಇವರು? ಹೆಸರೇ ಕೇಳಿಲ್ಲ.”

“ಇವರು ಕವಿ ಅಂತ ಮನೆಯವರೂ ಕೇಳಿರಲಿಲ್ಲ” ಎಂದೆ.

ಭಾನುವಾರ ಪಟ್ಟಿ ಅಚ್ಚಾಯಿತು. ವೀರಭದ್ರಪ್ಪನವರಿಗೆ ಫೋನ್ ಮಾಡಿದೆ. ಪೇಪರ್ ನೋಡಿದ್ದರು. ಖುಷಿಯಾಯಿತೋ ಇಲ್ಲವೋ ಹೇಳಲಿಲ್ಲ.

“ಇನ್ನೊಂದು ನೋಟ್‌ಬುಕ್ ಸಿಕ್ಕೈತ್ರಿ ಸರ. ದಿನಾ ಕೈಗೆ ತಗೋತೀನಿ, ಹಂಗ ಇಡ್ತೀನಿ. ಓದಾಕ ಧೈರ್ಯ ಬರವಲ್ದು.”

ತೆರೆಯಲು ಧೈರ್ಯ ಬೇಕಾಗುವಂಥ ಪುಸ್ತಕ ನಿಮ್ಮ ಕೈಗೆ ಕೊನೆಯ ಸಲ ಬಂದದ್ದು ಯಾವಾಗ?