ಹನ್ನೊಂದು ದಿನ ಬದುಕಿದ್ದ ಅಜ್ಜ

ನಮ್ಮ ಕುಟುಂಬದ ಚರಿತ್ರೆ ಬರೆಯುವ ಕೆಲಸ ನನ್ನ ಪಾಲಿಗೆ ಬಂದದ್ದು ನಾನು ಕನ್ನಡ ಟೀಚರ್ ಎಂಬ ಕಾರಣಕ್ಕೆ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಮೂಡುಬಿದಿರೆಯ ಒಂದು ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದೆ. ಬಂಟ್ವಾಳ ಪೇಟೆಯಲ್ಲಿ ಜವಳಿ ಅಂಗಡಿ ಇಟ್ಟಿದ್ದ ದೊಡ್ಡಪ್ಪನಿಗೆ, ಊರು, ಪರವೂರು, ಗಲ್ಫ್ ಎಂದು ಚದುರಿಹೋದ ಕುಟುಂಬದವರನ್ನೆಲ್ಲ ಒಂದು ದಿನ ಸೇರಿಸಬೇಕು, ಅಂದು ಎಲ್ಲರ ಕೈಗೂ ಒಂದು ಪುಸ್ತಕ ಕೊಡಬೇಕು ಎಂಬ ಆಸೆ. ಉಪ್ಪ, ಅಂದರೆ ನನ್ನ ಅಪ್ಪ, ತೀರಿಕೊಂಡ ಮೇಲೆ ನನ್ನನ್ನು ಓದಿಸಿದವರು, ಮದುವೆ ಮಾಡಿಸಿದವರು ಅವರೇ. ಅವರ ಮಾತಿಗೆ ನಾನು ಎಂದೂ ಇಲ್ಲ ಅಂದವಳಲ್ಲ.

ಬರೆಯಬೇಕಾದ ಕಥೆ ನನಗೆ ಬಾಯಿಪಾಠವಾಗಿತ್ತು. ಉಪ್ಪನ ಅಜ್ಜ ಮತ್ತು ಆ ಅಜ್ಜನ ಅಣ್ಣ, ಇಬ್ಬರೂ ಎತ್ತುಗಳ ಮೇಲೆ ಉಪ್ಪು, ಒಣಮೀನು ಹೇರಿಕೊಂಡು ಘಟ್ಟ ಹತ್ತುತ್ತಿದ್ದವರು. ಒಮ್ಮೆ ಬೆಳ್ತಂಗಡಿಯಿಂದಾಚೆ, ಘಟ್ಟದ ಬುಡದ ಕಾಡಿನಲ್ಲಿ ದರೋಡೆಕೋರರು ಅಡ್ಡಗಟ್ಟಿದರು. ಅಣ್ಣ ಕಾದಾಡುತ್ತಾ ಸತ್ತ. ತಮ್ಮ ಗಾಯಗೊಂಡು ಊರಿಗೆ ಬಂದ. ಮಕ್ಕಳಿಲ್ಲದ ಅತ್ತಿಗೆ ಅನಾಥೆಯಾಗಬಾರದೆಂದು ಅವಳನ್ನೇ ಮದುವೆಯಾದ. ನಾವೆಲ್ಲ ಅವರಿಬ್ಬರ ಸಂತಾನ. ಅಣ್ಣನ ಗೋರಿ ಈಗಲೂ ಅಲ್ಲೇ ಕಾಡಿನಲ್ಲಿ ಉಂಟು. ಇದನ್ನು ಉಪ್ಪ ನನಗೆ ಊಟ ಮಾಡಿಸುತ್ತಾ ಎಷ್ಟು ಸಲ ಹೇಳಿದ್ದರೋ. ಕತ್ತಿ ಬೀಸುವ ಕಡೆ ಬಂದಾಗ ತುತ್ತು ಕೈಯಲ್ಲೇ ನಿಲ್ಲುತ್ತಿತ್ತು.

ಬರೆದು ಮುಗಿಸಿದ ಮೇಲೆ, ಆ ಗೋರಿಯನ್ನು ಒಮ್ಮೆ ಕಣ್ಣಾರೆ ನೋಡಬೇಕು ಅನ್ನಿಸಿತು. ದೊಡ್ಡಪ್ಪನಿಗೆ ಹೇಳಿದೆ.

"ಅಲ್ಲಿ ನೋಡಲಿಕ್ಕೆ ಏನುಂಟು? ಎರಡು ಕಲ್ಲು. ದಾರಿಯೂ ಸರಿ ಇಲ್ಲ," ಎಂದರು.

ಅವರು ಬರುವ ಹಾಗೆ ಕಾಣಲಿಲ್ಲ. ಉಮ್ಮನನ್ನು, ನನ್ನ ತಾಯಿಯನ್ನು, ಕರೆದೆ. ಉಮ್ಮ ಕೈಕೆಲಸ ಬದಿಗಿಟ್ಟು, "ಹೋಗುವ," ಎಂದಳು.

ಬೆಳ್ತಂಗಡಿಯಲ್ಲಿ ಬಸ್ಸು ಬದಲಿಸಿ, ಕೊನೆಯ ಸ್ಟಾಪಿನಲ್ಲಿ ಇಳಿದು, ಮೊಣಕಾಲುದ್ದ ನೀರಿದ್ದ ಹೊಳೆ ದಾಟಿ ಒಂದು ಗಂಟೆ ನಡೆದೆವು. ಗೋರಿ ಇದ್ದದ್ದು ಒಂದು ಜೈನ ಮನೆತನದ ಜಾಗದಲ್ಲಿ, ಗುಡ್ಡದ ಇಳಿಜಾರಿನಲ್ಲಿ. ತಲೆಯ ಕಡೆ ಒಂದು, ಕಾಲಿನ ಕಡೆ ಒಂದು ಕಲ್ಲು. ಅಕ್ಷರವಿಲ್ಲ. ಸುತ್ತ ಒಂದು ಕಸಕಡ್ಡಿಯೂ ಇರಲಿಲ್ಲ. ಯಾರೋ ಅಂದೇ ಬೆಳಿಗ್ಗೆ ಗುಡಿಸಿದ್ದರು.

ಗುಡಿಸಿದವರು ಆ ಮನೆಯ ಹಿರಿಯಮ್ಮ. ಎಪ್ಪತ್ತು ದಾಟಿದ್ದರೂ ಬೆನ್ನು ಬಾಗಿರಲಿಲ್ಲ. ನಾವು ಕೈಯೆತ್ತಿ ದುಆ, ನಮ್ಮ ಪ್ರಾರ್ಥನೆ, ಮಾಡಿ ಮುಗಿಸುವವರೆಗೆ ದೂರದಲ್ಲಿ ನಿಂತಿದ್ದು, ಮನೆಗೆ ಕರೆದುಕೊಂಡು ಹೋಗಿ ಬೆಲ್ಲ, ನೀರು ಕೊಟ್ಟರು. ಯಾರ ಪೈಕಿ ಎಂದು ತುಳುವಿನಲ್ಲಿ ವಿಚಾರಿಸಿದರು. ದೊಡ್ಡಪ್ಪನ ಹೆಸರು ಹೇಳಿದೆ. ದರೋಡೆಕೋರರ ಮಾತು ತೆಗೆದದ್ದೂ ನಾನೇ.

"ದರೋಡೆಯಾ? ಯಾರು ಹೇಳಿದ್ದು ಮಗಳೇ?" ಎಂದರು ಅವರು. "ಅವರಿಗೆ ಬಂದದ್ದು ಚಳಿಜ್ವರ. ತಮ್ಮನೇ ಎತ್ತಿನ ಮೇಲೆ ಕಟ್ಟಿಕೊಂಡು ಬಂದು ನಮ್ಮ ಹೊರಚಾವಡಿಯಲ್ಲಿ ಮಲಗಿಸಿದ್ದು. ಘಟ್ಟದ ಮೇಲೆ ಸರಕು ಇಳಿಸಿ ನಾಲ್ಕು ದಿನದಲ್ಲಿ ಬರ್ತೇನೆ ಅಂತ ಹೇಳಿ ಎಲ್ಲ ಎತ್ತುಗಳನ್ನು ಹೊಡೆದುಕೊಂಡು ಹೋದರಂತೆ. ಮತ್ತೆ ಬರಲೇ ಇಲ್ಲ. ಬೇರೆ ದಾರಿಯಲ್ಲಿ ಇಳಿದು ಊರಿಗೆ ಹೋಗಿದ್ದಾರೆ."

ನಾನು ಲೋಟ ಕೆಳಗಿಟ್ಟೆ.

"ಇವರು ಹನ್ನೊಂದು ದಿನ ಬದುಕಿದ್ದರು. ನನ್ನ ಅತ್ತೆಯ ಅತ್ತೆ ಗಂಜಿ ಕೊಟ್ಟದ್ದು. ನಾಯಿ ಬೊಗಳಿದರೆ ಸಾಕು, ತಮ್ಮ ಬಂದನಾ ಅಂತ ಕೇಳ್ತಿದ್ದರಂತೆ. ತೀರಿದ ಮೇಲೆ ಪೇಟೆಗೆ ಆಳು ಕಳಿಸಿ ಅಲ್ಲಿಯ ಮಸೀದಿಯಿಂದ ಇಬ್ಬರನ್ನು ಕರೆಸಿ, ನಿಮ್ಮ ಕ್ರಮದಲ್ಲೇ ಮಣ್ಣು ಮಾಡಿಸಿದರು. ನಿಮಗೆ ಇದು ಗೊತ್ತಿಲ್ಲವಾ? ನಿಮ್ಮ ದೊಡ್ಡಪ್ಪ ಪ್ರಾಯದಲ್ಲಿ ಒಮ್ಮೆ ಬಂದಿದ್ದರು. ನನ್ನ ಅತ್ತೆ ಎಲ್ಲ ಹೇಳಿದ್ದಾರೆ. ಕೇಳಿ ಅತ್ತಿದ್ದರು."

ನಾನು ಉಮ್ಮನ ಕಡೆ ತಿರುಗಿದೆ. ಉಮ್ಮ ಅಂಗಳ ನೋಡುತ್ತಿದ್ದಳು. ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ.

ಹೊಳೆ ದಾಟಿದೆವು. ಆಚೆ ದಡದಲ್ಲಿ ಕೇಳಿದೆ. "ನಿನಗೆ ಗೊತ್ತಿತ್ತಾ?"

"ಮದುವೆಯಾದ ವರ್ಷವೇ ನಿನ್ನ ಉಪ್ಪ ಹೇಳಿದ್ದರು. ಮಕ್ಕಳಿಗೆ ಹೇಳುವುದು ಬೇಡ ಅಂದಿದ್ದರು."

"ಮತ್ತೆ ನನ್ನ ಕೈಯಲ್ಲಿ ಯಾಕೆ ಬರೆಸಿದ್ದು?"

"ನೀನು ಚಂದ ಬರೀತೀಯಲ್ಲ," ಎಂದಳು ಉಮ್ಮ. ಅವಳು ಅದನ್ನು ಹೊಗಳಿಕೆಯಾಗಿಯೇ ಹೇಳಿದ್ದಳು.

ಬಸ್ಸಿನಲ್ಲಿ ಕಿಟಕಿಗೆ ಹಣೆ ಒತ್ತಿ ಕುಳಿತೆ. ಅಷ್ಟು ಹಿಂದಿನ ಮೋಸಕ್ಕೆ ನನಗೆ ಸಿಟ್ಟು ಬಂದಿರಲಿಲ್ಲ. ಉಪ್ಪ ನನಗೆ ಸುಳ್ಳನ್ನು ತುತ್ತಿನ ಜೊತೆ ತಿನ್ನಿಸಿದ್ದರು ಎಂಬುದನ್ನು ನುಂಗಲಾಗಲಿಲ್ಲ. ಕೇಳೋಣವೆಂದರೆ ಅವರಿರಲಿಲ್ಲ.

ಮರುದಿನ ರಜೆ ಹಾಕಿ ದೊಡ್ಡಪ್ಪನ ಅಂಗಡಿಗೆ ಹೋದೆ. ಅವರು ಗಿರಾಕಿಗೆ ಹರಡಿದ್ದ ಸೀರೆಗಳನ್ನು ಮಡಚುತ್ತಿದ್ದರು. ನಾನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡರು.

"ಹಾಗಾದರೆ ನಾವೆಲ್ಲ ಯಾರ ಮಕ್ಕಳಾದೆವು ಹೇಳು?" ಎಂದರು. "ಅಣ್ಣನನ್ನು ಸಾಯಲಿಕ್ಕೆ ಬಿಟ್ಟು ಬಂದವನ ಮಕ್ಕಳು ಅಂತ ಪುಸ್ತಕದಲ್ಲಿ ಹಾಕುವುದಾ?"

"ಆ ಅಜ್ಜಿಗೂ ಯಾರೂ ಹೇಳಲಿಲ್ಲವಾ? ಮೊದಲ ಗಂಡ ಅಲ್ಲಿ ಬದುಕಿದ್ದ ಅಂತ?"

ಅವರ ಕೈ ನಿಂತಿತು. "ಅವರಿಗೆ ಗೊತ್ತಾಗಲೇ ಇಲ್ಲ, ಮಗಳೇ. ಏಳು ಹೆತ್ತು, ಗಂಡನ ಸೇವೆ ಮಾಡಿ ತೀರಿದರು." ಆಮೇಲೆ ತುಂಬ ಮೆತ್ತಗೆ, "ಆಯಿತು. ನಿನಗೆ ಸರಿ ಕಂಡ ಹಾಗೆ ಬರೆ. ನಾನು ಬೇಡ ಅನ್ನುವುದಿಲ್ಲ," ಎಂದರು.

ಆ ಮಾತಿಗೆ ನನ್ನ ಕಣ್ಣು ತುಂಬಿತು. ಆ ಭಾಗವನ್ನು ಎರಡು ವಾರ ಕೂತು ಹೊಸದಾಗಿ ಬರೆದೆ. ಹನ್ನೊಂದು ದಿನ, ಗಂಜಿ, ಆ ಮನೆಯವರು ಮಣ್ಣು ಮಾಡಿಸಿದ್ದು, ಎಲ್ಲ ಬರೆದೆ. ತಮ್ಮನನ್ನು ಬಯ್ಯಲಿಲ್ಲ. ಅವನಿಗೂ ಜ್ವರದ ಹೆದರಿಕೆ ಇದ್ದಿರಬಹುದು ಎಂದು ಒಂದು ಸಾಲು ಸೇರಿಸಿದೆ. ದೊಡ್ಡಪ್ಪ ಬಂದು ಹಾಳೆಗಳನ್ನು ತೆಗೆದುಕೊಂಡು ಹೋದರು. "ಪ್ರೂಫ್ ನಾನೇ ನೋಡ್ತೇನೆ. ನಿನಗೆ ಪರೀಕ್ಷೆಯ ಗಡಿಬಿಡಿ," ಎಂದರು.

ಕೂಟದ ದಿನ ಹಾಲ್ ತುಂಬ ಜನ. ಹಸಿರು ರಟ್ಟಿನ ಪುಸ್ತಕ ಕೈಗೆ ಬಂತು. ನೇರ ಆ ಪುಟಕ್ಕೆ ಹೋದೆ. ದರೋಡೆಕೋರರು ಅಲ್ಲೇ ಇದ್ದರು. ನಾನು ಮೊದಲು ಬರೆದದ್ದಕ್ಕಿಂತ ಅವರ ಸಂಖ್ಯೆ ಹೆಚ್ಚಾಗಿತ್ತು. ತಮ್ಮನ ಹೆಗಲಿಗೆ ಒಂದು ಹೊಸ ಗಾಯ ಬಂದಿತ್ತು. ಕೆಳಗೆ ನನ್ನ ಹೆಸರು.

ದೊಡ್ಡಪ್ಪ ಎದುರಿನ ಸಾಲಿನಲ್ಲಿ ಕೂತಿದ್ದರು. ನನ್ನ ಕಡೆ ನೋಡಲಿಲ್ಲ. ಯಾರೋ ಮೈಕಿನಲ್ಲಿ ನನ್ನನ್ನು ಕರೆದು, ಎರಡು ಪುಟ ಓದಬೇಕೆಂದರು. ಹೋದೆ. ಮನೆತನದ ಮೂಲದ ಬಗ್ಗೆ ಇದ್ದ ಮೊದಲ ಪುಟ ಓದಿದೆ. ಗಂಟಲು ಸರಿ ಇಲ್ಲ ಎಂದು ಇಳಿದು ಬಂದೆ. ಜನ ಚಪ್ಪಾಳೆ ತಟ್ಟಿದರು. ಅಂದು ಬಿರಿಯಾನಿಯನ್ನೂ ತಿಂದೆ.

ಅದಾದ ಮೇಲೆ ದೊಡ್ಡಪ್ಪನ ಮನೆಗೆ ಹೋಗುವುದನ್ನು ಬಿಟ್ಟೆ. ಅವರೂ ಯಾಕೆಂದು ಕೇಳಲಿಲ್ಲ. ನಾನೇ ಮೋಸಹೋದವಳು ಎಂದುಕೊಂಡು ಐದಾರು ವರ್ಷ ಕಳೆದೆ.

ಮತ್ತೆ ಗೋರಿಯ ಹತ್ತಿರ ಹೋದಾಗ ಹೊಳೆಗೆ ಸೇತುವೆಯಾಗಿತ್ತು. ಗೋರಿಗೆ ಸಿಮೆಂಟಿನ ಕಟ್ಟೆ, ಹಸಿರು ಬಟ್ಟೆ. ಪುಸ್ತಕ ಓದಿದ ನಮ್ಮವರು ಜೀಪು ಮಾಡಿಕೊಂಡು ಬರುತ್ತಿದ್ದರಂತೆ. ಮನೆಯ ಜಗಲಿಯಲ್ಲಿ ಹಿರಿಯಮ್ಮ ಕೋಲು ಹಿಡಿದು ಕೂತಿದ್ದರು. ನನ್ನ ಗುರುತು ಹಿಡಿಯಲು ಹೊತ್ತು ಬೇಕಾಗಲಿಲ್ಲ.

"ಪುಸ್ತಕ ನನಗೂ ತಂದುಕೊಟ್ಟರು," ಎಂದರು. "ಮೊಮ್ಮಗಳ ಕೈಯಲ್ಲಿ ಓದಿಸಿದೆ. ಗಂಜಿ ಕೊಟ್ಟದ್ದು ಅದರಲ್ಲಿ ಇಲ್ಲ. ನಮ್ಮ ಜಾಗದಲ್ಲಿ ಕಳ್ಳರಿದ್ದರು ಅಂತ ಉಂಟು."

"ನಾನು ಬರೆದದ್ದನ್ನು ದೊಡ್ಡಪ್ಪ ಬದಲಿಸಿದರು ಅಮ್ಮ."

"ಹೌದಾ. ಗೊತ್ತಾದ ಮೇಲೆ ನೀವು ಏನು ಹೇಳಿದಿರಿ?"

"ಏನೂ ಹೇಳಲಿಲ್ಲ."

ಅವರು ಕೋಲು ಊರಿಕೊಂಡು ಎದ್ದು ಒಳಗೆ ಹೋದರು. ಸೊಸೆ ಮಜ್ಜಿಗೆ ತಂದಿಟ್ಟಳು. ನಾನು ಕುಡಿಯಲಿಲ್ಲ. ಎದ್ದು ಹೋಗುವ ಧೈರ್ಯವೂ ಬರಲಿಲ್ಲ. ಬಹಳ ಹೊತ್ತಿನ ಮೇಲೆ ಅವರು ಮೊಮ್ಮಗಳನ್ನು ಕರೆದುಕೊಂಡು ಹೊರಗೆ ಬಂದರು. ಹುಡುಗಿಯ ಕೈಯಲ್ಲಿ ಶಾಲೆಯ ನೋಟ್‌ಬುಕ್ಕು ಇತ್ತು.

"ನಾನು ಹೇಳ್ತೇನೆ. ಬರೆಯಿರಿ," ಎಂದರು.

ಅವರು ತುಳುವಿನಲ್ಲಿ ಹೇಳಿದರು, ನಾನು ಕನ್ನಡದಲ್ಲಿ ಬರೆದೆ. ಎರಡು ಕಡೆ ಹುಡುಗಿಯ ಕೈಯಲ್ಲಿ ಓದಿಸಿ, ತಿದ್ದಿಸಿದರು. ಮೂರು ಗಂಟೆಯ ಬಸ್ಸು ತಪ್ಪಿತು. ನೋಟ್‌ಬುಕ್ಕನ್ನು ಅವರು ನನ್ನ ಕೈಗೆ ಕೊಡಲಿಲ್ಲ. ಒಳಗೆ ತೆಗೆದುಕೊಂಡು ಹೋಗಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ ಸದ್ದು ಜಗಲಿಯವರೆಗೂ ಕೇಳಿಸಿತು.