ಕಳಚಿದ ‘ಸಾನ್’

ಹರಿಪ್ರಿಯಾಳನ್ನು ನಾನು ಮೊದಲು ಕಂಡದ್ದು ವೇಲಚೇರಿಯ ರೈಲಿನಲ್ಲಿ. ಸುತ್ತಲಿನ ತಮಿಳಿನ ನಡುವೆ ಅತ್ತೆಯೊಡನೆ ಫೋನಿನಲ್ಲಿ ಕನ್ನಡ ಮಾತಾಡಿ ಮುಗಿಸಿದವಳು ಕಣ್ಣು ಮುಚ್ಚಿ ತುಟಿ ಅಲ್ಲಾಡಿಸತೊಡಗಿದಳು.

“ಯಾವ ಸ್ತೋತ್ರವಮ್ಮ?” ಎಂದೆ.

“ಸ್ತೋತ್ರ ಅಲ್ಲ ಮಾಮಾ, ಜಪಾನೀಸ್! ಯೂಟ್ಯೂಬ್ ನೋಡಿ ನಾನೇ ಕಲೀತಿದ್ದೀನಿ. ನಮ್ ಥರಾನೇ ಕ್ರಿಯಾಪದ ಕೊನೇಲಿ ಬರತ್ತೆ.”

ವ್ಯಾಕರಣದ ಮೇಷ್ಟ್ರಾಗಿದ್ದ ನನಗೆ ಅಷ್ಟೇ ಸಾಕಾಯಿತು. ನಮ್ಮ ಬೀದಿಯವಳೇ ಎಂದು ತಿಳಿದ ಮೇಲೆ ಅವಳ ಮನೆಗೆ ಹೋಗಿಬರತೊಡಗಿದೆ.

ವಾಹನದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಅವಳದು ತಾತ್ಕಾಲಿಕ ಟೈಪಿಸ್ಟ್ ಕೆಲಸ. ತಿಂಗಳ ಕೊನೆಗೆ ಮುಗಿಯುವುದಿತ್ತು. ಜಪಾನಿನ ಅತಿಥಿಗಳು ಬಂದಾಗ ದುಭಾಷಿಯಾಗಿ ನಿಭಾಯಿಸಿದರೆ ಕಾಯಂ, ಇಲ್ಲವಾದರೆ ಮನೆ. ಯಜಮಾನ ಪಂಢರಿನಾಥರು ಹಾಗೆಂದಿದ್ದರು.

ತೊಡಕು ಒಂದೇ. ಜಪಾನಿಯ ‘ಸಾನ್’ ಎಂದರೆ ಹೆಸರಿನ ಕೊನೆಗೆ ನಾವು ಹಚ್ಚುವ ‘ಅವರು’ ಇದ್ದಂತೆ. ಹೊರಗಿನವರೆದುರು ನಮ್ಮ ಕಡೆಯ ಹಿರಿಯರ ಹೆಸರಿಗೆ ಅದನ್ನು ಸೇರಿಸಬಾರದು, ಗೌರವವೆಲ್ಲ ಅತಿಥಿಗೆ. ಹರಿಪ್ರಿಯಾಳ ಬಾಯಿಂದ ಬರಿಯ ‘ಪಂಢರಿನಾಥ’ ಹೊರಡಲೊಲ್ಲದು.

“ದೊಡ್ಡವರನ್ನ ಹಾಗೆ ಮೊಟಕಾಗಿ ಹ್ಯಾಗೆ ಮಾಮಾ?”

“ಅದು ಅವರ ವ್ಯಾಕರಣದ ವಿನಯ ಕಣಮ್ಮ. ಇನ್ನೊಮ್ಮೆ ಹೇಳು.”

ಅತ್ತೆ ರಮಾಬಾಯಿ ಅಡಿಗೆಮನೆಯಿಂದಲೇ ಕೂಗಿದರು: “ನಾಳೆ ಗಂಡನ್ನೂ ‘ಲೇ ಪ್ರಮೋದಾ’ ಅಂತೀಯೇನೇ?”

ಮುಂದಿನದು ಅವಳೇ ಹೇಳಿದ್ದು. ಸಭೆಯಲ್ಲಿ ಯಜಮಾನರ ಹೆಸರಿನಿಂದ ‘ಸಾನ್’ ಸರಾಗವಾಗಿ ಕಳಚಿತು. ಅದೇ ಓಘದಲ್ಲಿ ಮುಂದಿನ ವಾಕ್ಯದಲ್ಲಿ ಹಿರಿಯ ಅತಿಥಿಯ ಹೆಸರಿನಿಂದಲೂ ಕಳಚಿಹೋಯಿತು. ಬರಿಯ ‘ಸಾಕಾಮೊಟೊ’! ಆತ ಕಾಫಿಯ ಬಟ್ಟಲನ್ನು ಕೆಳಗಿಟ್ಟರು.

“ಏನ್ ಹೇಳ್ಬಿಟ್ಟೆ?” ಪಂಢರಿನಾಥರು ಪಿಸುಗುಟ್ಟಿದರು.

ಏನೂ ಇಲ್ಲವೆಂದಿದ್ದರೆ ಅವರು ನಂಬುತ್ತಿದ್ದರು. ಆದರೆ ಹರಿಪ್ರಿಯಾ ಎದ್ದು ನಿಂತು ಬಾಗಿದಳು. ಯಜಮಾನರಿಗೆ ಗೌರವ ಕಡಿಮೆ ಮಾಡುವುದನ್ನು ಕಲಿಯುವುದರಲ್ಲೇ ನಾಲಿಗೆ ಸೋತಿತ್ತು, ಕ್ಷಮಿಸಿ ಎಂದು ಜಪಾನಿಯಲ್ಲೇ ಹೇಳಿ, ಇಡೀ ವಾಕ್ಯವನ್ನು ‘ಸಾನ್’ ಸಮೇತ ಮತ್ತೆ ಹೇಳಿದಳು.

“ಯಾರ ಬಳಿ ಕಲಿತಿರಿ?” ಎಂದರು ಸಾಕಾಮೊಟೊ.

“ಒಬ್ಬಳೇ.”

ಅವರು ನಗಲಿಲ್ಲ. “ಮುಂದುವರಿಸಿ,” ಎಂದರಷ್ಟೆ.

ಅತಿಥಿಗಳು ಹೊರಟ ಮೇಲೆ ಪಂಢರಿನಾಥರು ಕರೆಸಿದರು. “ಮೀಟಿಂಗ್ ಸಹವಾಸ ನಿಂಗೆ ಬೇಡಮ್ಮ. ಇಲ್ಲೇ ಉಳಿಯೋ ಅವರ ಇಂಜಿನಿಯರ್ ಜೊತೆ ಷೆಡ್ಡಿಗೆ ಹೋಗು. ನಟ್ಟು ಬೋಲ್ಟಿಗೆ ಯಾರೂ ‘ಅವರು’ ಹಚ್ಚೋದಿಲ್ಲ. ತಪ್ಪಿದ್ರೂ ಮುಚ್ಚಿಡದೆ ತಿದ್ಕೊಂಡೆಯಲ್ಲ, ಕಾಯಂ ಆರ್ಡರ್ ಟೈಪ್ ಮಾಡ್ಕೊಂಡು ಬಾ, ಸೈನ್ ಹಾಕ್ತೀನಿ.”

ಈಗ ಅವಳು ಒರಗಡಂನಲ್ಲಿರುವ ಕಾರ್ಖಾನೆಯ ಷೆಡ್ಡಿನಲ್ಲಿ, ಹೆರಳಿನ ಮೇಲೆ ಹೆಲ್ಮೆಟ್ ತೊಟ್ಟು, ಇಂಜಿನಿಯರು ಜಪಾನಿಯಲ್ಲಿ ಹೇಳಿದ್ದನ್ನು ಯಂತ್ರಗಳ ಸದ್ದಿಗಿಂತ ಗಟ್ಟಿಯಾಗಿ ಕೆಲಸಗಾರರಿಗೆ ತಮಿಳಿನಲ್ಲಿ ಕೂಗಿ ಹೇಳುತ್ತಾಳೆ.